ಹೆರಿಗೆಗೆ ಬರುವುದಿಲ್ಲ

ವಾಸ್ಕೋ

ಅವ್ವಾ, ನಿನ್ನ ಪಾದಕ್ಕೆ ಅಶ್ವಿನಿಯ ನಮಸ್ಕಾರ.

ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಸಿಟ್ಟಾಗಬೇಡ. ಗೋವಾದಲ್ಲಿ ಹುಟ್ಟಿದವರಿಗಷ್ಟೇ ಕೆಲಸ, ಬಾಡಿಗೆ ಮನೆ ಎನ್ನುವ ಪಕ್ಷ ನಮ್ಮ ವಾರ್ಡು ಗೆದ್ದಿದೆ. ಅವರ ಜನ ಮನೆಮನೆಗೆ ಬಂದು ಜನನಪತ್ರ ಕೇಳುತ್ತಿದ್ದಾರೆ. ನಾನು ಹೊಟ್ಟೆಯಲ್ಲಿದ್ದಾಗ ನೀನೂ ಅಪ್ಪನೂ ಇಲ್ಲೇ ದುಡಿಯುತ್ತಿದ್ದಿರಿ. ಪದ್ಧತಿ ಬಿಡಬಾರದೆಂದು ನನ್ನನ್ನು ಹೆರಲು ನೀನು ಊರಿಗೆ ಹೋದೆ. ಐದು ತಿಂಗಳ ಕೂಸಾಗಿ ಇಲ್ಲಿಗೆ ಬಂದವಳು ಈಗ ಹೊರಗಿನವಳಾದೆ.

“ನಮ್ಮ ಕೂಸಾದ್ರೂ ಇಲ್ಲೇ ಹುಟ್ಟಲಿ ಬಿಡ,” ಅನ್ನುತ್ತಾರೆ ಇವರು.

ನೀನೂ ಬರಬೇಡ. ಊರಿನ ನೆಂಟರನ್ನು ಇಟ್ಟುಕೊಂಡರೆ ಮನೆ ಖಾಲಿ ಮಾಡಿ ಎಂದಿದ್ದಾಳೆ ಮನೆಯೊಡತಿ. ಬಸುರಿಗೆ ಉಡಿಸುವ ಕುಬಸದ ಸೀರೆ, ಅಂಟಿನುಂಡೆ ಬಸ್ಸಿನಲ್ಲಿ ಕಳಿಸು.

ಕೂಸಿಗೆ ನೀರೆರೆಯುವುದು ಹೇಗೆಂದು ಬರೆದು ತಿಳಿಸು. ನೀನು ಇರುತ್ತೀಯಲ್ಲ ಎಂದು ನಾನು ಕಲಿಯಲೇ ಇಲ್ಲ.

ನಿನ್ನ ತವರಲ್ಲಿ ಹುಟ್ಟಿದ,
ಅಶ್ವಿನಿ