ನಾನು ಹಾರಿಸಿ ಓದಿದ ಅಧ್ಯಾಯ

೩೦ ಫೆಬ್ರುವರಿ ೨೨೧೯
ಕಡಲಗೋಡೆಯ ಹೊರಗಿನ ಸಾಲು, ಕಾರವಾರ

ನೇಕಾರ ಕುಟುಂಬದ ಆ ಹಳೆಯ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಮಾಡುತ್ತಿರುವ ಗುರುಗಳಿಗೆ,

ತಾರೀಕು ನೋಡಿ ನನ್ನ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ, ಕೆಟ್ಟಿರುವುದು ಕಾಲ. ನಮ್ಮ ಹಿರಿಯರು ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸಮ ಮಾಡಿಬಿಟ್ಟರು. ಸಮಾನತೆ ಬಂದದ್ದು ಕ್ಯಾಲೆಂಡರಿಗೆ ಮಾತ್ರ. ಫೆಬ್ರುವರಿಯಲ್ಲಿ ನಿಮಗೆ ದಕ್ಕದ ಎರಡು ದಿನ ನಮಗೆ ದಕ್ಕಿವೆ, ಆ ಎರಡು ದಿನದ ಹಸಿವಿನ ಸಮೇತ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಕೈಗೆ ಕೆಲಸ ಇಲ್ಲದಾಗ ನಾಲಿಗೆ ಮಾಡಿಕೊಂಡ ಕೆಲಸ ಅವು.

ನನ್ನ ಹೆಸರು ಓಬಳೇಶ. ಚಿತ್ರದುರ್ಗದ ಗುಡ್ಡಗಳ ಮೇಲೆ ನಿಮ್ಮ ಕಾಲದವರು ನೆಟ್ಟ ಗಾಳಿಯಂತ್ರಗಳನ್ನು ಕೆಡವಿ, ಅವುಗಳ ರೆಕ್ಕೆ ಕೊಯ್ದು ಮಾರುವುದು ನಮ್ಮ ಜನರ ಕಸುಬಾಗಿತ್ತು. ಮಹಾಮಂದ ಬರುವ ತನಕ. ನಿಮ್ಮ ಪುಸ್ತಕಗಳು ಇದನ್ನು ಆರ್ಥಿಕ ಹಿಂಜರಿತ ಎನ್ನುತ್ತವೆ. ಹಿಂಜರಿದದ್ದು ಎಂದಾದರೂ ಮುಂದೆ ಬಂದೀತು. ನಮ್ಮದು ಹನ್ನೊಂದು ವರ್ಷದಿಂದ ನಿಂತಲ್ಲೇ ನಿಂತಿದೆ. ಕೊಳ್ಳುವವರಿಲ್ಲ, ಕೊಯ್ಯುವವರಿಗೆ ಕೆಲಸವಿಲ್ಲ. ಅರ್ಥಶಾಸ್ತ್ರದಲ್ಲಿ ಅರ್ಥ ಹೋಗಿ, ನಾವು ದಿನಕ್ಕೊಮ್ಮೆ ಶಾಸ್ತ್ರಕ್ಕೆ ಉಣ್ಣುತ್ತಿದ್ದೇವೆ.

ಆ ಊಟ ಮಧ್ಯಾಹ್ನದ ಗಂಜಿ. ಗಂಜಿಯ ಸಾಲು ಎರಡು ತಾಸು ತೆವಳುತ್ತದೆ. ಅಷ್ಟು ಹೊತ್ತು ಜನ ಒಬ್ಬರನ್ನೊಬ್ಬರು ತಿನ್ನದಿರಲಿ ಎಂದು ಓದಾಳು ಎಂಬ ಹುದ್ದೆ ಇದೆ: ಸಾಲಿನ ಪಕ್ಕ ನಿಂತು ಪುಸ್ತಕ ಓದುವವನು. ಓದಲು ಬರುವವರು ನಮ್ಮಲ್ಲಿ ನಾಲ್ಕೈದು ಮಂದಿ, ಅವರಲ್ಲಿ ನಗಿಸಲು ಬರುವವನು ನಾನೊಬ್ಬನೇ. ಓದು ಕೇಳಿ ನಕ್ಕವರು ತಮ್ಮ ತಟ್ಟೆಯಿಂದ ಒಂದು ತುತ್ತು ಗಂಜಿ ಓದಾಳಿಗೆ ಸುರಿಯಬೇಕೆಂಬುದು ಸಾಲಿನ ಕಟ್ಟಳೆ. ಅದಕ್ಕೆ ನಗೆಸೌಟು ಎನ್ನುತ್ತೇವೆ. ಅತ್ತವರು ಏನನ್ನೂ ಕೊಡಬೇಕಾಗಿಲ್ಲ.

ನಮ್ಮಲ್ಲಿ ಉಳಿದಿದ್ದ ಒಂದೇ ಕಾಗದದ ಪುಸ್ತಕ ನೀವು ಪಾಠ ಮಾಡುತ್ತಿರುವುದೇ. ಮಗ್ಗ ನಿಂತುಹೋದ ನೇಕಾರರು, ಎಲ್ಲೋ ಅಣೆಕಟ್ಟಿಗೆ ಆಳು ಬೇಕೆಂಬ ಕರಪತ್ರ ನಂಬಿ, ಕಾಯಿಲೆಯ ಅಪ್ಪನನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಹೊರಡುತ್ತಾರೆ. ಒಂಬತ್ತನೆಯ ಅಧ್ಯಾಯದಲ್ಲಿ ಅಪ್ಪ ದಾರಿಯಲ್ಲೇ ಸಾಯುತ್ತಾನೆ. ಹತ್ತರಲ್ಲಿ, ಇನ್ನೂರು ಆಳು ಬೇಕಾದ ಕಡೆ ಐದು ಸಾವಿರ ಜನ ನಿಂತಿರುತ್ತಾರೆ. ಕೊನೆಯಲ್ಲಿ ನಿಮ್ಮಂಥ ಯಾರೋ ಪುಣ್ಯಾತ್ಮರು ವಿದ್ಯಾರ್ಥಿಗಳಿಗಾಗಿ ‘ಕಾದಂಬರಿಯ ಪಾಠಗಳು’ ಎಂದು ಒಂದು ಪುಟ ಅಚ್ಚು ಹಾಕಿಸಿದ್ದಾರೆ. ಅದರ ಮೊದಲನೆಯ ಪಾಠ: ಒಗ್ಗಟ್ಟಾಗಿರುವ ಕುಟುಂಬವನ್ನು ಬಡತನ ಸೋಲಿಸಲಾರದು.

ನಾವಿನ್ನೂ ಚಿತ್ರದುರ್ಗದಲ್ಲಿದ್ದಾಗ, ಒಂಬತ್ತನೆಯ ಅಧ್ಯಾಯದ ಎರಡನೆಯ ಪುಟಕ್ಕೇ ಸಾಲು ರೇಗಿತು.

“ಏಯ್ ಓದಾಳು, ಗೋಳು ನಮ್ಮನೇಲೇ ಐತೆ, ನಿಂದು ಬ್ಯಾರೆ ಬಡಿಸ್ಬ್ಯಾಡ!”

ನಾನು ಪುಟ ನೋಡುತ್ತಲೇ ಬೇರೆ ಕಥೆ ಹೇಳಿದೆ. ಅಪ್ಪ ಗಾಡಿಯಿಂದಿಳಿದು, ಎಂಜಿನಿಯರನಿಗೆ ‘ನಿನ್ನ ಅಣೆಕಟ್ಟು ನನ್ನ ಸೊಂಟಕ್ಕಿಂತ ಸೊಟ್ಟ ಐತೆ’ ಎಂದು ಬೈದು, ಮೇಸ್ತ್ರಿಯಾಗಿಬಿಟ್ಟ. ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಡಿದುಕೊಳ್ಳಲು ಹೊಟ್ಟೆ ಎಲ್ಲಿತ್ತೋ ಕಾಣೆ. ನನ್ನ ತಟ್ಟೆ ತುಂಬಿತು. ಹತ್ತನೆಯ ಅಧ್ಯಾಯವನ್ನು ಹಾರಿಸಿ, ಪಾಠಗಳ ಪುಟವನ್ನು ಗಂಭೀರವಾಗಿ ಓದಿ ಮುಗಿಸಿದೆ. ಜನ ಅದನ್ನು ಬಾಯಿಪಾಠ ಮಾಡಿಕೊಂಡರು.

ಮುಂದಿನ ತಿಂಗಳು ಸಾರುಪೆಟ್ಟಿಗೆ ಮಾತಾಡಿತು. (ಊಟದ ಸಾರಲ್ಲ, ಆ ಭಾಗ್ಯವೆಲ್ಲಿ, ಸರ್ಕಾರ ಸುದ್ದಿ ಸಾರುವ ಪೆಟ್ಟಿಗೆ.) ಕಾರವಾರದಲ್ಲಿ ಸಮುದ್ರ ತಡೆಯುವ ಗೋಡೆಗೆ ಆಳು ಬೇಕಂತೆ. ನನ್ನ ಅಕ್ಕ ಗಾದ್ರಮ್ಮ ಸಾಲಿನಲ್ಲೇ ನನ್ನ ತೋಳು ಹಿಡಿದಳು. ಅವಳ ಗಂಡ ಕಾಟಯ್ಯನಿಗೆ ರೆಕ್ಕೆ ಕೊಯ್ಯುವ ಧೂಳು ಎದೆಗೆ ಕೂತು, ಹತ್ತು ಹೆಜ್ಜೆಗೆ ಉಸಿರು ಸಾಲುತ್ತಿರಲಿಲ್ಲ.

“ಓಬ್ಳೇಶ, ಆ ಮುದುಕಪ್ಪ ಗಾಡಿಮ್ಯಾಲೆ ಹೋಗಿ ಬದುಕ್ದ ಅಲ್ಲೇನೋ? ಪುಸ್ತಕದಾಗೆ ಹಂಗೇ ಐತಾ? ನಿಜ ಹೇಳು, ನಿಮ್ಮ ಭಾವನ್ನ ಕರ್ಕಂಡು ಹೊಂಟ್ಬಿಡ್ತೀನಿ.”

ಸುತ್ತ ನಲವತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಿಜ ಹೇಳಿದ್ದರೆ ಅಷ್ಟು ದಿನ ತಿಂದ ತುತ್ತುಗಳಿಗೆಲ್ಲ ಅವರ ಮುಂದೆ ತಲೆ ತಗ್ಗಿಸಬೇಕಿತ್ತು.

“ಹೂಂ ಅಕ್ಕ. ಪುಸ್ತಕ ಸುಳ್ಳು ಹೇಳ್ತದಾ?” ಎಂದೆ. ಪುಸ್ತಕ ಹೇಳಿರಲಿಲ್ಲ, ನಿಜ.

ರೆಕ್ಕೆಯ ತುಂಡಿಗೆ ಗಾಲಿ ಕಟ್ಟಿ ಗಾಡಿ ಮಾಡಿಕೊಂಡು, ಪುಸ್ತಕವನ್ನೂ ಕಟ್ಟಿಕೊಂಡು ಮೂರು ವಾರ ನಡೆದೆವು. ತಳ್ಳುವುದಕ್ಕೆ ನಾನು ಕೈಹಾಕಿದರೆ ಅಕ್ಕ ಬಿಡುತ್ತಿರಲಿಲ್ಲ. ನೀನು ಓದೋನು, ಬೆರಳು ಜೋಪಾನ ಎನ್ನುತ್ತಿದ್ದಳು. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಭಾವ ಕಣ್ಣು ತೆರೆದ.

“ಏನ್ ಭಾಮೈದ, ನಿನ್ನ ಪುಸ್ತಕದ ಮುದುಕ ಇಷ್ಟೊತ್ತಿಗೆ ಎಲ್ಲೀಗಂಟ ಮುಟ್ಟಿದ್ದ?”

“ಅಣೆಕಟ್ಟು ಕಾಣ್ತಿತ್ತು ಭಾವ.”

“ನಂಗೇನೂ ಕಾಣ್ವಲ್ದು ಕಣೋ” ಎಂದು ನಕ್ಕ. ನೆತ್ತಿಯ ಮೇಲೆ ಬಿಸಿಲು ಬರುವ ಹೊತ್ತಿಗೆ ಹೋಗಿಬಿಟ್ಟಿದ್ದ. ಹೆಸರು ಗೊತ್ತಿಲ್ಲದ ಮರದ ಕೆಳಗೆ, ಗಾಡಿಯ ರೆಕ್ಕೆಯಿಂದಲೇ ಮಣ್ಣು ತೋಡಿದೆವು.

ಕಾರವಾರದ ಗೇಟಿನ ಮುಂದೆ ಎಷ್ಟು ಜನ ನಿಂತಿದ್ದರೆಂದು ತಿಳಿಯಲು ನಿಮ್ಮ ಪುಸ್ತಕದ ಹತ್ತನೆಯ ಅಧ್ಯಾಯ ನೋಡಿ. ಪ್ರತಿ ಬೆಳಗ್ಗೆ ಗೇಟಿನವನು ನಿನ್ನೆಗಿಂತ ಕಡಿಮೆ ಕೂಲಿ ಕೂಗುತ್ತಾನೆ. ನಾವು ನಿನ್ನೆಗಿಂತ ಎತ್ತರಕ್ಕೆ ಕೈ ಎತ್ತುತ್ತೇವೆ.

ಹೋದ ವಾರ ಅಕ್ಕ ಬಂದು ಎದುರು ಕೂತಳು. “ಬಿಟ್ಟಿದ್ದನ್ನ ಓದು” ಎಂದಳು. ನಾನು ಹಾರಿಸಿದ್ದೆನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂಬತ್ತನೆಯ ಅಧ್ಯಾಯವನ್ನು ಅಕ್ಷರ ಬಿಡದೆ ಓದಿದೆ. ಅಪ್ಪ ಸತ್ತ ಪುಟದಲ್ಲಿ ತಡೆದಳು.

“ಆ ಮುದುಕಪ್ಪನ ಹೆಂಡ್ತಿ ಅಳ್ತಾಳಾ?”

“ಇಲ್ಲಕ್ಕ. ಗಾಡಿ ಖಾಲಿ ಆದ್ರೂ ತಳ್ಕಂಡೇ ಹೋಗ್ತಾಳೆ.”

“ಸರಿಯಾಗಿ ಬರ್ದವ್ರೆ” ಎಂದಳು. “ಇದನ್ನ ಅವತ್ತೇ ಓದಿದ್ರೆ ನಮ್ಮೋರನ್ನ ಗುಡ್ಡದ ಮ್ಯಾಲೇ ಇಟ್ಕಂಡು ಕುಂತ್ಕಂತಿದ್ದೆ. ಸತ್ರೂ ಗೊತ್ತಿರೋ ನೆಳ್ಳಾಗೆ ಸಾಯ್ತಿದ್ರು” ಎಂದು ಎದ್ದು ಹೋದಳು. ಆಮೇಲೆ ನನ್ನೊಡನೆ ಮಾತಾಡಿಲ್ಲ.

ಗುರುಗಳೇ, ಈ ಪತ್ರ ನಿಮಗೆ ಹೇಗೆ ತಲುಪೀತೋ ತಿಳಿಯದು. ತಲುಪಿದರೆ ಒಂದೇ ಕೋರಿಕೆ. ಬೋರ್ಡಿನ ಮೇಲೆ ಪಾಠಗಳನ್ನು ಬರೆಯುವ ಮೊದಲು ಒಂಬತ್ತನೆಯ ಅಧ್ಯಾಯವನ್ನು ಪೂರ್ತಿ ಓದಿ. ಮಕ್ಕಳು ಆಕಳಿಸಿದರೂ ಓದಿ, ಅತ್ತರೂ ಓದಿ. ನನ್ನಂತೆ ತಮಾಷೆ ಸೇರಿಸಬೇಡಿ. ಹಿಂದಿನ ಬೆಂಚಿನಿಂದ ಯಾರಾದರೂ ಹುಡುಗಿ, ಆ ಮುದುಕ ಕೊನೆಗೆ ಬದುಕಿದನೇ ಎಂದು ಕೇಳಿದರೆ, ಅವಳ ಮನೆಯಲ್ಲಿ ಯಾರು ಕಾಯಿಲೆಯಾಗಿ ಮಲಗಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಇಲ್ಲಮ್ಮ, ಸತ್ತ ಎಂದು ಹೇಳಿಬಿಡಿ.

ಓಬಳೇಶ