ಪೇಟನ್ ರೋಡಿನ ಆಚೆಯ ಮನೆ

ನವೆಂಬರ್ 5, 2023, ಭಾನುವಾರ

ಇಲ್ಲಿಯ ಬೇಸಿಗೆ ಸಮಯ ಮುಗಿಯಿತೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ಒಲೆಯದು, ಮೈಕ್ರೋವೇವಿನದು, ಹಾಲ್‌ನದು. ಪೇಪರು ಇಬ್ಬನಿಯಲ್ಲಿ ನೆನೆದಿತ್ತು. ಹರಡಿ ಒಣಗಿಸಿ ಓದಿದೆ.

ವಸಂತಾ ಇಂದೂ ಅಮೂಲ್ಯಾಗೆ ಫೋನ್ ಮಾಡಲಿಲ್ಲ. ಮಗಳು ಅಟ್ಲಾಂಟಾದ ನೈಋತ್ಯಕ್ಕೆ ಮನೆ ಕೊಂಡಾಗಿನಿಂದ ಹೀಗೆಯೇ. ಇಲ್ಲಿ ಅಲ್ಫರೆಟಾದಲ್ಲಿ, ನಮ್ಮ ಸಬ್‌ಡಿವಿಷನ್ನಿನಲ್ಲೇ, ಇವಳು ಅವಳಿಗೊಂದು ಟೌನ್‌ಹೋಮ್ ನೋಡಿಟ್ಟಿದ್ದಳು.

"ನನ್ನನ್ನ ಒಂದ್ ಮಾತು ಕೇಳಿದ್ಲಾ? ಕ್ಲೋಸಿಂಗ್ ಆಗಿ ಮನೆ ಕೈಗೆ ಬಂದ್ಮೇಲೆ ಹೇಳ್ತಾಳೆ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಅದಕ್ಕೇ ಕೇಳ್ಬೇಕಿತ್ತು."

ಗೃಹಪ್ರವೇಶ 23ಕ್ಕೆ, ಥ್ಯಾಂಕ್ಸ್‌ಗಿವಿಂಗ್ ರಜೆಯ ದಿನ. ತಾನು ಬರುವುದಿಲ್ಲ ಎಂದಿದ್ದಾಳೆ.

ನವೆಂಬರ್ 8, ಬುಧವಾರ

ಕನ್ನಡದವರ ವಾಟ್ಸಾಪ್ ಗುಂಪಿಗೆ ವಿಳಾಸದ ಸಮೇತ ಆಹ್ವಾನ ಹಾಕಿದ್ದೆ. ವಿಳಾಸ ಹಾಕಬಾರದಿತ್ತೇನೋ. ಎಲ್ಲರೂ ಆ ದಿನ ಔಟ್ ಆಫ್ ಟೌನ್.

ಎರಡು ಬೀದಿ ಆಚೆಯ ಶೇಷಾದ್ರಿ ಮಾತ್ರ ಫೋನ್ ಮಾಡಿದರು. "ಮೂರ್ತಿಗಳೇ, ಕಂಗ್ರಾಟ್ಸ್. ನಾವು ಅವತ್ತು ರಾಲಿಗೆ ಡ್ರೈವ್ ಮಾಡ್ತಿದೀವಿ, ಊರಲ್ಲಿರಲ್ಲ. ಅಂದ ಹಾಗೆ, ಅಲ್ಲಿ ರೀಸೇಲ್ ಹೇಗೆ?"

"ಇನ್ನೂ ಹಾಲೇ ಉಕ್ಕಿಸಿಲ್ಲ ಸ್ವಾಮಿ, ಆಗ್ಲೇ ಮಾರಿಸ್ತೀರಲ್ಲ."

ನಕ್ಕರು. "ಹಾಗಲ್ಲ, ಏರಿಯಾ ಸ್ವಲ್ಪ…"

ಈ ವಾಕ್ಯವನ್ನು ಯಾರೂ ಮುಗಿಸುವುದಿಲ್ಲ. ವಸಂತಾ ಸಹ.

ನವೆಂಬರ್ 11, ಶನಿವಾರ, ಮಧ್ಯಾಹ್ನ

ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳಲ್ಲಿ ಆ ಪ್ರದೇಶದ ಸುದ್ದಿ ಹುಡುಕಿ ಓದಿದ್ದೆ. 1962ರ ಡಿಸೆಂಬರಿನಲ್ಲಿ ನಗರದ ಆಡಳಿತವೇ ಪೇಟನ್ ರೋಡಿಗೆ ಅಡ್ಡಲಾಗಿ ಬ್ಯಾರಿಕೇಡ್ ಹಾಕಿಸಿತ್ತು. ಕಪ್ಪು ಜನ ಆಚೆಯ ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳಬಾರದೆಂದು. ಅಟ್ಲಾಂಟಾದ ಬರ್ಲಿನ್ ಗೋಡೆ ಎಂದು ಜನ ಕರೆದರು. ಮಾರ್ಚಿನಲ್ಲಿ ಕೋರ್ಟ್ ತೆಗೆಸಿತು. ಅಮೂಲ್ಯಾಳ ಮನೆ ಅಲ್ಲಿಂದ ಸ್ವಲ್ಪವೇ ದೂರ.

ಇಂದು ಹೋಗಿ ನೋಡಿದೆ. ಏನೂ ಇಲ್ಲ. ಡಾಂಬರು, ಓಕ್ ಎಲೆಗಳು, ಟಪಾಲು ಪೆಟ್ಟಿಗೆಗಳು. ಎಲ್ಲಿ ನಿಂತರೆ ಈಚೆ, ಎಲ್ಲಿ ನಿಂತರೆ ಆಚೆ, ತಿಳಿಯದು. ರಸ್ತೆಯ ಪಕ್ಕ ಸುಮ್ಮನೆ ನಿಂತಿದ್ದೆ.

ಎಲೆ ಗುಡಿಸುತ್ತಿದ್ದ ಕಪ್ಪು ಹಿರಿಯರೊಬ್ಬರು ಕೇಳಿದರು: "ನಾಯಿ ಕಳಕೊಂಡ್ರಾ?"

ಬ್ಯಾರಿಕೇಡ್ ಎಂದೆ. ಪೊರಕೆ ಕೆಳಗಿಟ್ಟರು. ಹೆಸರು ಡೆಂಟ್. ಆಗ ಅವರಿಗೆ ಎಂಟು ವರ್ಷ.

"ಅಮ್ಮ ನೋಡೋಕೆ ಅಂತ ಕರ್ಕೊಂಡು ಬಂದ್ಲು. ಕಾರಿಂದ ಇಳೀಲಿಲ್ಲ. ಎಲ್ಲದಕ್ಕೂ ಬೈಯೋಳು, ಅವತ್ತು ಒಂದು ಮಾತೂ ಆಡ್ಲಿಲ್ಲ. ನಂಗೆ ಹೆದರಿಕೆ ಆಗಿದ್ದು ಅದಕ್ಕೆ."

ಮಗಳ ಮನೆಯ ವಿಷಯ ಹೇಳಿ, 23ರ ಬೆಳಿಗ್ಗೆ ಬನ್ನಿ, ಹಾಲು ಉಕ್ಕಿಸುತ್ತೇವೆ ಎಂದೆ.

"ಬೇಕಂತಲೇ? ಆಮೇಲೆ ಒಲೆ ಒರೆಸೋರು ಯಾರು?"

ನಕ್ಕೆ. ವಾರದಲ್ಲಿ ಮೊದಲ ಸಲ ಇರಬೇಕು. ಮನೆಗೆ ಬಂದು ವಸಂತಾಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿದಳು. "ನಂಗ್ಯಾಕೆ ಹಿಸ್ಟರಿ? ನಾನೇನು ಗೋಡೆ ಕಟ್ಟಿದ್ನಾ?" ಎಂದು ಬಟ್ಟೆ ಮಡಚಲು ಹೋದಳು.

ನವೆಂಬರ್ 22, ಬುಧವಾರ

ಅಮೂಲ್ಯಾಳ ಮನೆಯಲ್ಲಿ ಏಣಿ ಹತ್ತಿ ಸ್ಮೋಕ್ ಅಲಾರಂಗಳಿಗೆಲ್ಲ ಶವರ್ ಕ್ಯಾಪ್ ಹಾಕಿದೆ. ಇಲ್ಲದಿದ್ದರೆ ಹೋಮಕ್ಕೆ ಫೈರ್ ಟ್ರಕ್ಕೇ ಅತಿಥಿ. ಅಮೂಲ್ಯಾ ಏಣಿ ಹಿಡಿದಿದ್ದಳು.

"ಅಮ್ಮ ಬರ್ತಾಳಾ?"

"ಕೇಳ್ತೀನಿ."

"ಇಟ್ಸ್ ಓಕೆ ಅಪ್ಪಾ. ನೀನು ಬಾ."

ಇಟ್ಸ್ ಓಕೆ ಎನ್ನುವಾಗ ಕೆಳಗೆ ನೋಡುತ್ತಿದ್ದಳು. ಸಂಜೆ ವಸಂತಾಳನ್ನು ಕೇಳಿದೆ. ನನ್ನ ಪಂಚೆ, ಶಲ್ಯ ಇಸ್ತ್ರಿ ಮಾಡಿಟ್ಟಿದ್ದಾಳೆ. ತನ್ನ ಸೀರೆ ತೆಗೆದಿಲ್ಲ.

ನವೆಂಬರ್ 23, ಗುರುವಾರ, ಬೆಳಿಗ್ಗೆ

ಒಬ್ಬನೇ ಹೊರಟೆ. 400 ಹೆದ್ದಾರಿ ಖಾಲಿ. ಪಕ್ಕದ ಸೀಟಿನಲ್ಲಿ ಕಲಶದ ಚೊಂಬು, ಸೀಟ್‌ಬೆಲ್ಟ್ ಹಾಕಿ.

ಪುರೋಹಿತರು ಬಾಗಿಲ ಕಡೆ ನೋಡುತ್ತಲೇ ಇದ್ದರು. "ಅಮ್ಮನವ್ರು ಕಾರಲ್ಲಿದ್ದಾರಾ? ಕರೀರಿ, ಮುಹೂರ್ತ ಆಯ್ತು."

"ಬಂದಿಲ್ಲ."

ಅವರು ನನ್ನ ಪಕ್ಕದ ಮಣೆಯ ಮೇಲೆ ಅವಳ ಬದಲಿಗೆ ಒಂದು ಹಿಡಿ ದರ್ಭೆ ಇಟ್ಟರು. ಅದರ ಪಕ್ಕ ಕೂತು ಸಂಕಲ್ಪ ಹೇಳಿದೆ. ಮೂವತ್ತೆರಡು ವರ್ಷದ ದಾಂಪತ್ಯ — ಫ್ಯಾನ್ ಹಾಕಿದ್ದರೆ ಹಾರಿಹೋಗುತ್ತಿತ್ತು.

ಡೆಂಟ್ ದಂಪತಿ ಗೆಣಸಿನ ಪೈ ತಂದರು. ಬಂದವರು ಅವರಿಬ್ಬರೇ. ಶೂ ಬಿಚ್ಚಿ ನೆಲದ ಮೇಲೆ ಕೂರಲು ಹೋದರು, ಅಮೂಲ್ಯಾ ಕುರ್ಚಿ ಕೊಟ್ಟಳು.

ಅವಳೇ ಹಾಲು ಇಟ್ಟಳು. ಉಕ್ಕಿತು. ಗಾಜಿನ ಒಲೆಯ ಮೇಲೆ ಒಂದೇ ಕಡೆಗೆ ಹರಿಯಿತು. ಡೆಂಟ್ ಚಪ್ಪಾಳೆ ತಟ್ಟಿದರು.

"ಅಪ್ಪಾ, ಪೂಜಾರಿ ಅಂಕಲ್ ಡೈರೆಕ್ಷನ್ ನೋಡ್ಬೇಕು ಅಂದ್ರು. ವಿಚ್ ವೇ ಈಸ್ ದಿಸ್?"

"ದಕ್ಷಿಣ."

"ಈಸ್ ದಟ್ ಗುಡ್?"

ಪೂರ್ವ, ಉತ್ತರವಾದರೆ ಒಳ್ಳೆಯದೆನ್ನುತ್ತಾರೆ ಎಂದೆ. ಓಕೆ ಎಂದು ಬಟ್ಟೆ ತಂದು ಒರೆಸಿದಳು. ಬಹಳ ಹೊತ್ತು ಒರೆಸಿದಳು.

ಅದೇ ದಿನ, ಸಂಜೆ

ಬರುವಾಗ ಶೇಷಾದ್ರಿ ತಮ್ಮ ಡ್ರೈವ್‌ವೇನಲ್ಲಿ ಕಾರು ತೊಳೆಯುತ್ತಿದ್ದರು. ನನ್ನನ್ನು ಕಂಡು ಬಾಗಿ ಟೈರ್ ತೊಳೆಯತೊಡಗಿದರು. ಕೈ ಬೀಸಿ ಬಂದೆ.

ವಸಂತಾ ಊಟ ಬಡಿಸಿದಳು. ಯಾರು ಬಂದಿದ್ದರು, ಏನು ಅಡುಗೆ, ಒಂದೂ ಕೇಳಲಿಲ್ಲ. ಮಜ್ಜಿಗೆ ಹಾಕುವಾಗ ಕೇಳಿದಳು:

"ಹಾಲು ಯಾವ ಕಡೆಗೆ ಉಕ್ಕಿತು?"

ನಾನು ತಪ್ಪು ಮಾಹಿತಿ ಕೊಡುವವನಲ್ಲ. ಅದು ಇವಳಿಗೂ ಗೊತ್ತು. ಸೌಟು ಹಿಡಿದು ನಿಂತೇ ಇದ್ದಳು.

"ಪೂರ್ವಕ್ಕೆ," ಎಂದೆ.

"ಪೂರ್ವಕ್ಕಾ?"

"ಹೂಂ."

"ಇಟ್ಟಿದ್ಯಾರು? ಅವಳೇನಾ?"

"ಅವಳೇ."

ಸೌಟು ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡು ಗರಾಜಿಗೆ ಹೋದಳು. ಬಾಗಿಲು ಹಾಕಿಕೊಂಡಳು. ಊಟ ಅರ್ಧಕ್ಕೆ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಅಮೂಲ್ಯಾಗೆ ಒಂದು ಮೆಸೇಜ್ ಹಾಕಬೇಕು, ಏನೆಂದು ಹಾಕಲಿ. ಅವಳು ನನ್ನ ಹಾಗೆಯೇ, ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳುವವಳು. ಆಚೆ ರಿಂಗ್ ಆಗುತ್ತಿದೆ. ಸ್ಪೀಕರಿನಲ್ಲಿಟ್ಟಿದ್ದಾಳೆ. ಅಮೂಲ್ಯಾ ಎತ್ತಿದಳು.

"ಅಮ್ಮಾ?"

"ಹೂಂ, ನಾನೇ ಕಣೇ. ಹಾಲು ಪೂರ್ವಕ್ಕೆ ಉಕ್ಕಿತಂತಲ್ಲ?"