ಎಡಗಡೆ ನಿಂತವನು

ಯಾರ್ಕ್‌ಶೈರ್,
ಸೋಮವಾರ

ಮಾನ್ಯ ಕೋಚ್ ಹೆಪ್‌ವರ್ತ್ ಅವರಿಗೆ,

ಡ್ಯಾರನ್‌ಗೆ ಎರಡು ವಾರ ವಿಶ್ರಾಂತಿ ಬೇಕು. ಅದನ್ನು ಕೇಳಲೆಂದೇ ಈ ಪತ್ರ.

ನಮ್ಮ ರಗ್ಬಿ ತಂಡದ ಹಾಫ್‌ಗಳಾಗಿ, ಅಂದರೆ ನಡುವೆ ನಿಂತು ಆಟ ನಡೆಸುವ ಜೋಡಿಯಾಗಿ ಆಡುವ ಡ್ಯಾರನ್‌ಗೂ ನನಗೂ ಕೆಲಸ ಹಂಚಿಕೊಟ್ಟವರು ನೀವೇ. ಚೆಂಡು ನಮ್ಮ ಕೈಯಲ್ಲಿದ್ದರೆ ಅವನು ಒದ್ದು ಆಟ ನಡೆಸಬೇಕು, ನಾನು ನುಗ್ಗಬೇಕು. ಎದುರಾಳಿ ನುಗ್ಗಿದರೆ ಅವನು ಬಲಗಡೆ, ನಾನು ಎಡಗಡೆ ತಡೆಯಬೇಕು. ನನ್ನ ಭುಜ ಕೆಟ್ಟಿರುವುದು ನಿಮಗೂ ಅವನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೋದ ತಿಂಗಳು ಪಕ್ಕದೂರಿನ ತಂಡದವರೆಲ್ಲ ನನ್ನ ಮೇಲೆಯೇ ಬಿದ್ದರು. ಆ ತಂಡದಲ್ಲಿ ಡ್ಯಾರನ್‌ನ ಭಾಮೈದ ಇದ್ದಾನೆ. ಹಾಗಾಗಿ ಡ್ಯಾರನ್‌ನನ್ನೇ ಅನುಮಾನಿಸಿದೆ. ಆಟದ ನಂತರ ಅವನ ಜೊತೆ ಕೂತು ಮಾಂಸದ ಪೈ ತಿನ್ನುವುದನ್ನೂ ಬಿಟ್ಟೆ.

ನಿನ್ನೆ ಮತ್ತೆ ಅದೇ ತಂಡ. ಮೈದಾನಕ್ಕಿಳಿದ ಮೇಲೆ ಡ್ಯಾರನ್ನೇ ಬಂದು, "ಲೋ, ನೀನು ಬಲಕ್ಕೆ ಹೋಗೋ. ಎಡಗಡೆ ನಾನು ನೋಡ್ಕೋತೀನಿ" ಎಂದ. ಅವರ ಆನೆಯಂಥ ಆಟಗಾರ ತಲೆ ತಗ್ಗಿಸಿಕೊಂಡು ನೇರ ಎಡಕ್ಕೇ ನುಗ್ಗಿ ಡ್ಯಾರನ್‌ಗೆ ಗುದ್ದಿದ. ಎದ್ದು ಡ್ಯಾರನ್‌ನ ಮುಖ ನೋಡಿ ಬೆಪ್ಪಾದ.

"ನೀನ್ಯಾಕೋ ಇಲ್ಲಿ? ಭುಜ ಕೆಟ್ಟಿರೋನು ಎಲ್ಲೋ?"

ಹೇಳಿಕೊಟ್ಟವನು ಡ್ಯಾರನ್ನೇ ಆಗಿದ್ದರೆ ಆ ಜಾಗದಲ್ಲಿ ತಾನೇ ಹೋಗಿ ನಿಲ್ಲುತ್ತಿದ್ದನೇ? ಇನ್ನು ಉಳಿದವರು ಯಾರೆಂದು ನಾನು ಬರೆಯಬೇಕಿಲ್ಲ. ಮುಂದಿನ ವರ್ಷ ನೀವು ಆ ತಂಡಕ್ಕೇ ಕೋಚ್ ಆಗುತ್ತೀರಂತೆ. ಒಳ್ಳೆಯದಾಗಲಿ.

ಡ್ಯಾರನ್‌ನ ಪಕ್ಕೆಲುಬು ಬಿರುಕು ಬಿಟ್ಟಿದೆ. ಯಾವ ಕಡೆಯದೆಂದು ಮಾತ್ರ ಕೇಳಬೇಡಿ.

ಇಂತಿ,
ಗಾರ್ತ್ ಆಡ್ಸ್ಲಿ